ಸೀಸದ ಪಟ್ಟಿ

“ನಾನು ಮುಳುಗಿದ್ರೆ ಮೇಲೆ ಬರೋದು ಒಂದೂವರೆ ಗಂಟೆ ಬಿಟ್ಟು, ಡಾಕ್ಟ್ರೇ. ನಡುವೆ ಸಮುದ್ರದ ತಳದಲ್ಲೇ ಒಂದು ನಿದ್ದೆ ತೆಗೀತೀನಿ. ಆಕ್ಟೋಪಸ್‌ಗಳು ದಿಂಬು ಸರಿಮಾಡಿಕೊಡ್ತಾವೆ.”

ಡಾಕ್ಟರ್ ಪ್ಯೋ ನಗಲಿಲ್ಲ. ಗಪ್‌ಸೆಂಗ್‌ಗೆ ಅದು ದೊಡ್ಡ ಅವಮಾನ. ಅರವತ್ತಮೂರು ವರ್ಷಗಳಲ್ಲಿ ಜೇಜು ದ್ವೀಪದ ಕರಿಕಲ್ಲುಗಳನ್ನೂ ನಗಿಸಿದ ಹೆಂಗಸು ಅವಳು. ಅವಳ ಮಾತನ್ನು ಪೂರ್ತಿ ನಂಬುತ್ತಿದ್ದುದು ಮನೆಯ ನಾಯಿ ಒಂದೇ, ಅದೂ ಊಟದ ಹೊತ್ತಿನಲ್ಲಿ.

“ದೊಡ್ಡಮ್ಮ, ಕೇಳಿದ್ದಷ್ಟಕ್ಕೆ ಹೇಳಿ. ಇವ್ರು ತಲೆ ಡಾಕ್ಟ್ರು, ಆಕ್ಟೋಪಸ್ ಡಾಕ್ಟ್ರಲ್ಲ,” ಎಂದಳು ಜಿನ್‌ಹ್ವಾ. ತಂಗಿಯ ಮಗಳು, ದೊಡ್ಡಮ್ಮನ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ತಾಯಿ ಹೇಸೂನ್ ಸಮುದ್ರದಲ್ಲಿ ಸತ್ತು ಹತ್ತು ತಿಂಗಳಾಗಿತ್ತು. ಈಗ ಚಿಪ್ಪು ಕೀಳಲು ದೊಡ್ಡಮ್ಮನ ಜೊತೆಗಾತಿಯಾಗಿ ಇವಳೇ ಉಸಿರು ಬಿಗಿಹಿಡಿದು ಮುಳುಗುತ್ತಿದ್ದಳು.

ತಲೆನೋವಂತೆ! ನೀರಿಗಿಳಿಯುವ ಮುನ್ನ ತಲೆನೋವಿನ ಪುಡಿ ಬಾಯಿಗೆ ಸುರಿದುಕೊಳ್ಳದ ಹೆಂಗಸು ಆ ದಡದಲ್ಲಿ ಹುಟ್ಟಿಯೇ ಇರಲಿಲ್ಲ. ಗಪ್‌ಸೆಂಗ್ ನುಂಗಿದ್ದನ್ನು ರಾಶಿ ಹಾಕಿದರೆ ಹಲ್ಲಾ ಬೆಟ್ಟದ ಪಕ್ಕದಲ್ಲಿ ಇನ್ನೊಂದು ಬೆಟ್ಟ ಏಳುತ್ತಿತ್ತು. ಎಲ್ಲರ ತಲೆಯೂ ನೋಯುವ ಊರಲ್ಲಿ ಇವಳದು ಬೇರೆಯೇ ನೋವು ಎಂದು ಯಾರು ಕಂಡರು?

ಡಾಕ್ಟರ್ ಪರದೆಯತ್ತ ಬೆರಳು ತೋರಿಸಿದಳು. ಮಿದುಳಿನೊಳಗೆ ನೀರು ಹರಿಯುವ ಪುಟ್ಟ ಕೋಣೆಗಳು; ಅವುಗಳ ಬಾಗಿಲಲ್ಲೇ ದ್ರಾಕ್ಷಿಯಂಥ ಒಂದು ಬಿಳಿ ಗುಳ್ಳೆ.

“ಒಳಗೆ ದ್ರವ ತುಂಬಿದೆ. ಕ್ಯಾನ್ಸರ್ ಅಲ್ಲ. ತುಂಬಾ ಅಪರೂಪ, ಇಷ್ಟು ವರ್ಷದಲ್ಲಿ ನಾನು ನೋಡಿರೋದು ನಾಲ್ಕೇ.”

“ಕೇಳಿಸ್ಕೊಂಡ್ಯಾ ಜಿನ್‌ಹ್ವಾ? ರೋಗದಲ್ಲೂ ನಾನೇ ಅಪರೂಪ!”

“ಗುಳ್ಳೆ ಬಾಗಿಲಿಗೆ ಅಡ್ಡ ಕೂತ್ರೆ ನೀರು ಕಟ್ಕೊಳ್ಳತ್ತೆ. ತಲೆ ಕೆಳಗಾದಾಗ ಹಾಗಾಗಬಹುದು. ಒಂದೇ ಪ್ರಶ್ನೆ, ಗಪ್‌ಸೆಂಗ್ ಅವರೇ. ಇದ್ದಕ್ಕಿದ್ದ ಹಾಗೆ ಕಾಲು ಸೋತು ಪ್ರಜ್ಞೆ ತಪ್ಪಿದ್ದು ಉಂಟಾ? ಇಲ್ಲ ಅಂದ್ರೆ ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ನೋಡೋಣ. ಹೌದು ಅಂದ್ರೆ ಕಾಯೋ ಹಾಗಿಲ್ಲ. ತಲೆಗೆ ಸಣ್ಣ ತೂತು ಕೊರೆದು, ಕೊಳವೆ ಇಳಿಸಿ ತೆಗೀಬೇಕು. ಆಮೇಲೆ ಸಮುದ್ರ ಮರೆತುಬಿಡಿ.”

ಸಮುದ್ರ ಮರೆಯುವುದೆಂದರೆ! ಗಪ್‌ಸೆಂಗ್ ಎದೆಯುಬ್ಬಿಸಿದಳು.

“ನನ್ನ ಕಾಲು ಸೋತ್ರೆ ದ್ವೀಪಾನೇ ಮುಳುಗತ್ತೆ! ಹೋದ ವರ್ಷ ತಂಗಿ ತಳದಲ್ಲಿ ಉಸಿರು ಕಟ್ಟಿ ಬಿದ್ದಾಗ, ನಲವತ್ತು ಆಳುದ್ದ ಕೆಳಗಿಂದ ಒಂದೇ ಕೈಲಿ ಎತ್ಕೊಂಡು ಬಂದೋಳು ನಾನು. ಜೀವ ಒಂದು ಉಳೀಲಿಲ್ಲ.”

ಈ ಕಥೆಗೆ ಊರೇ ಅತ್ತಿತ್ತು. ಮುಳುಗುವ ಹೆಂಗಸರ ಸಂಘದವರು ಕೊಟ್ಟ ಫಲಕ ಅವಳ ಗೋಡೆಯ ಮೇಲಿತ್ತು.

ಜಿನ್‌ಹ್ವಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಮುಳುಗೋದು ಕಲಿಸುವಾಗ ನಂಗೆ ಮೊದಲು ಏನು ಹೇಳಿಕೊಟ್ರಿ, ದೊಡ್ಡಮ್ಮ?”

“ಏನೇನೋ. ನಿನ್ನ ತಲೆಗೆ ಹತ್ತಬೇಕಲ್ಲ.”

“ಜೊತೆಗಾತಿ ಪ್ರಜ್ಞೆ ತಪ್ಪಿದ್ರೆ ಮೊದಲು ಅವಳ ಸೊಂಟದ ಸೀಸದ ಪಟ್ಟಿ ಬಿಚ್ಚು, ಭಾರ ಬಿಟ್ಟರೇ ಮೇಲೆ ಬರೋದು ಅಂದ್ರಿ.” ಅವಳ ದನಿ ತಗ್ಗಿತು. “ಅಮ್ಮನ್ನ ದಡಕ್ಕೆ ತಂದಾಗ ಪಟ್ಟಿ ಸೊಂಟದಲ್ಲೇ ಇತ್ತು. ಬಿಚ್ಚಿದ್ದು ನಾನೇ. ಪಟ್ಟಿ ಇರದಿದ್ದದ್ದು ನಿಮ್ಮ ಸೊಂಟದಲ್ಲಿ. ನಾಳಿದ್ದು ನಾವಿಬ್ಬರೂ ನೀರಿಗಿಳೀಬೇಕು, ದೊಡ್ಡಮ್ಮ.”

ಗಪ್‌ಸೆಂಗ್‌ಳ ನಾಲಿಗೆಯ ತುದಿಯಲ್ಲಿ ಒಂದು ಶಾರ್ಕ್ ಸಿದ್ಧವಾಗಿಯೇ ಇತ್ತು, ಪಟ್ಟಿಯನ್ನು ಕಚ್ಚಿಕೊಂಡು ಹೋಗಲು. ಅದು ಹೊರಗೆ ಬರಲಿಲ್ಲ.

“ಅವತ್ತು ತಳದಲ್ಲಿ ಕಾಲು ನಂದಲ್ಲ ಅನ್ನಿಸ್ತು,” ಎಂದಳು ಕೊನೆಗೆ. “ಆಮೇಲೆ ಕತ್ತಲೆ. ಕಣ್ಣು ಬಿಟ್ಟಾಗ ನೀರಿನ ಮೇಲಿದ್ದೆ. ನಿನ್ನಮ್ಮ ನನ್ನನ್ನ ತೇಲುಬೆಂಡಿಗೆ ಒರಗಿಸಿದ್ದಳು. ಅವಳ ಕೈ ಬೆಂಡಿನ ಬಲೆಗೆ ಸಿಕ್ಕೊಂಡಿತ್ತು. ಉಸಿರಿರಲಿಲ್ಲ. ದೋಣಿಯವರು ಬಂದಾಗ ನಾನು ಅವಳನ್ನ ಹಿಡ್ಕೊಂಡಿದ್ದೆ. ನೀನೇ ಎತ್ತಿದ್ಯಾ ಅಂದ್ರು. ಹೂಂ ಅಂದೆ.”

ಡಾಕ್ಟರ್ ಪ್ಯೋ ಫೋನ್ ಎತ್ತಿಕೊಂಡು ಆಪರೇಷನ್ ಕೋಣೆ ಯಾವಾಗ ಖಾಲಿ ಎಂದು ಕೇಳತೊಡಗಿದಳು. ಜಿನ್‌ಹ್ವಾ ಎದ್ದು, ಕೈಚೀಲವನ್ನು ದೊಡ್ಡಮ್ಮನ ಮಡಿಲಲ್ಲಿಟ್ಟು, ಕಿಟಕಿಯ ಬಳಿ ಬೆನ್ನು ಮಾಡಿ ನಿಂತಳು.

ಗಪ್‌ಸೆಂಗ್ ಚೀಲದಿಂದ ಪುಡಿಯ ಪೊಟ್ಟಣಗಳನ್ನು ತೆಗೆದು ಒಂದೊಂದಾಗಿ ಮೇಜಿನ ಮೇಲಿಟ್ಟಳು.

“ನಾನು ಮುಳುಗಿದ್ರೆ ಒಂದೇ ನಿಮಿಷ, ಡಾಕ್ಟ್ರೇ,” ಎಂದಳು. “ಉಸಿರು ಉದ್ದ ಇದ್ದದ್ದು ತಂಗಿಗೆ.”