ಎರಡನೆಯ ಸಹಿ

"ಕೇರಿ ಅಂತ ಬರ್ದಿದೀಯಲ್ಲ, ಯಾವ ಕೇರಿ?"

ರಸ್ತೆಯಿಂದ ಕಣ್ಣು ತೆಗೆಯದೆ ಡಾಕ್ಟರ್ ಕೇಶವಮೂರ್ತಿ ಕೇಳಿದರು. ನಿನ್ನೆಯವರೆಗೂ 'ತಾರಾ ಅವರೇ, ಬನ್ನಿ' ಎನ್ನುತ್ತಿದ್ದ ಮೈಸೂರಿನ ಬಾಯಿ ಇವತ್ತು ಏಕವಚನಕ್ಕೆ ಇಳಿದಿತ್ತು. ತನ್ನ ನೋಟ್‌ಬುಕ್ಕನ್ನು ಪೂರ್ತಿ ಓದಿದ್ದಾರೆಂದು ತಾರಾಗೆ ಗೊತ್ತಾಯಿತು.

"ಹೊಲಗೇರಿ ಸರ. ಅಫಜಲಪುರ ತಾಲೂಕ."

"ಹೂಂ. ಅದಕ್ಕೇ ಈ ದೆವ್ವ ಪಿಶಾಚಿ ಎಲ್ಲ ನಿಂಗೆ ಸರಿ ಅನ್ಸಿರೋದು."

ಅವರು ಹೊರಟಿದ್ದದ್ದು ಆಕ್ಲೆಂಡಿನ ಮನುಕಾವ್ ಆಫೀಸಿನಿಂದ ಐದು ತಾಸು ಉತ್ತರಕ್ಕೆ ಹೋದರೆ ಸಿಗುವ, ಮಾವೋರಿ ಮೂಲನಿವಾಸಿಗಳ ಊರಿಗೆ. ಮೂವತ್ತು ಮನೆ, ಡೇರಿ ಎಂದು ಕರೆಯುವ ಒಂದು ಕಿರಾಣಿ ಅಂಗಡಿ. ಹೋದ ವರ್ಷ, ಎರಡು ಸಾವಿರದ ಆರರಲ್ಲಿ, ಅಲ್ಲಿಯ ಎಳೆಯರ ಮನಸ್ಸಿನ ಆರೋಗ್ಯಕ್ಕೆಂದು ಕೇಂದ್ರ ತೆರೆದಾಗ ಡಾಕ್ಟರೇ ನರ್ಸ್ ತಾರಾಳನ್ನು ಆರಿಸಿದ್ದರು. "ಅವರ ಪದ್ಧತಿಯಂತೆ ಮಾತಾಡ್ಸಿ, ಏನ್ ಹೇಳಿದ್ರೂ ಬರ್ಕೊಳ್ಳಿ. ಅವರನ್ನ ಅರ್ಥ ಮಾಡ್ಕೊಳ್ಳೋಕೆ ಬೇಕು" ಎಂದಿದ್ದರು. 'ನಿಮ್ಮ ಸಂಸ್ಕೃತಿ ಇಲ್ಲಿ ಸುರಕ್ಷಿತ' ಎಂಬ ಪೋಸ್ಟರನ್ನೂ ತಾವೇ ಗೋಡೆಗೆ ಅಂಟಿಸಿದ್ದರು.

ಆ ಊರಿಗೆ ಬಂದವರು ಮೊದಲು ತಮ್ಮ ಬೆಟ್ಟ, ನದಿ, ಹಿರಿಯರ ಹೆಸರು ಹೇಳಬೇಕು. ಮಿಕ್ಕ ಮಾತು ಆಮೇಲೆ. ಆಕ್ಲೆಂಡಿನ ಕನ್ನಡಿಗರೆದುರು ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದ ತಾರಾ ಅಲ್ಲಿ ಎಲ್ಲ ಹೇಳಿದಳು. ಬೆಟ್ಟವಿಲ್ಲದ ಸೀಮೆ, ಭೀಮಾ ಹೊಳೆ, ಕೇರಿ, ಸತ್ತ ಗಂಡನಿಗೆ ದಿನಾ ರೊಟ್ಟಿ ಇಟ್ಟು ಮಾತಾಡುತ್ತಿದ್ದ ಅಜ್ಜಿ. ಅವತ್ತೇ ಆ ಊರಿನ ಹದಿನಾರರ ಹುಡುಗಿ ಹಿನೆ ಬಾಯಿಬಿಟ್ಟದ್ದು. ತೀರಿಹೋದ ತಾತ ಹೊಳೆದಂಡೆಯಲ್ಲಿ ಸಿಗುತ್ತಾನೆ, ಶಾಲೆ ಬಿಡಬೇಡ ಎನ್ನುತ್ತಾನೆ. ತನ್ನ ಅಜ್ಜಿಯ ಹೊರತು ಯಾರಿಗೂ ಅವಳು ಇದನ್ನು ಹೇಳಿರಲಿಲ್ಲ.

ತಾರಾ ಅಷ್ಟನ್ನೂ ಬರೆದಳು. ಬರೆಯದಿದ್ದರೆ ನಡೆದೇ ಇಲ್ಲವೆಂದು ನರ್ಸಿಂಗ್ ಶಾಲೆಯಲ್ಲಿ ತಲೆಗೆ ತುಂಬಿದ್ದರಲ್ಲ. ಪೆದ್ದಿ, ತನ್ನ ಅಜ್ಜಿಯನ್ನೂ ಬಿಡದೆ ಬರೆದಳು.

ಕಾರು ಊರು ಮುಟ್ಟುವಷ್ಟರಲ್ಲಿ ಸಭಾಮನೆಯಲ್ಲಿ ಊರವರು ಅಡುಗೆ ಮಾಡಿಟ್ಟಿದ್ದರು. ಡಾಕ್ಟರು ಹೊಟ್ಟೆ ಸರಿಯಿಲ್ಲವೆಂದು ತಮ್ಮ ಬಾಟಲಿಯ ನೀರು ಕುಡಿದರು. ಆ ಹೊಟ್ಟೆನೋವು ತಾರಾಗೆ ಹುಟ್ಟಿದಾಗಿನಿಂದ ಗೊತ್ತು. ಆಮೇಲೆ ಅವರು ನೋಟ್‌ಬುಕ್ ತೆಗೆದು ತಾತನ ಸಾಲುಗಳನ್ನು ಎಲ್ಲರೆದುರು ಓದಿ, ಇದು ಕಾಯಿಲೆ, ಹುಡುಗಿಯನ್ನು ಇವತ್ತೇ ಆಕ್ಲೆಂಡಿನ ಆಸ್ಪತ್ರೆಗೆ ಸೇರಿಸಬೇಕು ಎಂದರು.

ಹಿನೆ ತಾರಾಳತ್ತ ತಿರುಗಿದಳು. "ಬರೆದುಕೊಂಡೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ತಾತನ ಮಾತನ್ನೂ?"

ತಾರಾ ಹೌದೆಂದು ತಲೆಯಾಡಿಸಿದಳು. ನಾಚಿಕೆಯಿಂದ ಸತ್ತಂತಾಯಿತು.

ಡಾಕ್ಟರು ಆಸ್ಪತ್ರೆಗೆ ಸೇರಿಸಲು ಎರಡು ಸಹಿ ಬೇಕಾದ ಫಾರ್ಮನ್ನು ತಾರಾಳ ಮುಂದೆ ತಳ್ಳಿ ಕನ್ನಡದಲ್ಲಿ ಹೇಳಿದರು. "ನನ್ ಸಹಿ ಆಗಿದೆ. ಎರಡನೇದು ನೀನ್ ಹಾಕು. ಕಾರಿಗೂ ನೀನೇ ಕರ್ಕೊಂಡ್ ಬಾ, ನಿನ್ ಮಾತ್ ಕೇಳ್ತಾಳೆ."

"ಇವರ ಪದ್ಧತಿ ತಿಳ್ಕೊಳ್ಳಾಕ ಅಂದಿದ್ರಲ್ಲ ಸರ?"

"ತಿಳ್ಕೊಂಡಾಯ್ತಲ್ಲ. ನಿಮ್ಮಜ್ಜಿಗೂ ಇದೇ ಕಾಯಿಲೆ ಇದ್ದದ್ದು. ನಿಮ್ ಜನಕ್ಕೆ ಗೊತ್ತಾಗ್ಲಿಲ್ಲ, ಅಷ್ಟೆ."

ತಾರಾಗೆ ಮೈಯೆಲ್ಲ ಉರಿಯಿತು.

"ಹೋದ ತಿಂಗಳ ರಜಾ ಹಾಕಿ ಒನೆಹುಂಗಾ ಕಡಲದಂಡಿಗೆ ಹೋಗಿದ್ದಿ. ಈ ದೇಶದಾಗ ಕಾಗಿ ಇಲ್ಲಂತ ಕಡಲಹಕ್ಕಿಗೆ ಪಿಂಡ ಹಾಕಿ, ಅಪ್ಪಾ ಬಂದು ಉಂಡ ಅಂತ ಆಫೀಸಿಗೆಲ್ಲಾ ಹೇಳ್ಕೋತ ಅತ್ತಿ. ಅದ್ಯಾವ ರೋಗಲೇ ಭಾಡ್ಯಾ?"

ಡಾಕ್ಟರ ಮುಖ ಕಪ್ಪಿಟ್ಟಿತು. ತಾರಾ ಪೆನ್ನು ತೆಗೆದುಕೊಂಡು, ರೋಗಿಯ ಜಾಗದಲ್ಲಿದ್ದ ಹಿನೆಯ ಹೆಸರನ್ನು ಹೊಡೆದುಹಾಕಿ ತನ್ನ ಹೆಸರು ಬರೆದಳು.

"ಕಾರಲ್ಲಿ ಇನ್ನೊಂದು ಫಾರ್ಮ್ ಇದೆ. ಸಹಿಗೆ ಬೇರೆ ನರ್ಸ್ ಸಿಗ್ತಾರೆ, ಈ ಹುಡುಗೀನ ಮೊದ್ಲು ಕಾರ್ ಹತ್ತಿಸ್ತೀನಿ" ಎಂದು ಅವರು ಹೊರಗೆ ಹೋದರು.

ಡಾಕ್ಟರು ಬಿಟ್ಟುಹೋದ ನೋಟ್‌ಬುಕ್ಕನ್ನು ತಾರಾ ಹಿನೆಯತ್ತ ಚಾಚಿದಳು. ಹುಡುಗಿ ಕೈ ನೀಡಲಿಲ್ಲ. ಪಕ್ಕದಲ್ಲಿದ್ದ ತನ್ನ ಅಜ್ಜಿಯ ತೋಳಿಗೆ ಮುಖ ಒತ್ತಿಕೊಂಡು, "ಇವಳೂ ಹೊರಗೆ ಹೋಗಲಿ" ಎಂದಳು.

ತಾರಾ ಹೋದಳು. ಬಾಗಿಲು ದಾಟಿ, ಹೊಸ್ತಿಲಿಗೆ ಅಡ್ಡಲಾಗಿ ಕುಳಿತಳು. ಡಾಕ್ಟರು ಹೊಸ ಫಾರ್ಮು ಹಿಡಿದು ಬಂದರು. ಒಳಗೆ ಹೋಗಲು ಬೇರೆ ಬಾಗಿಲಿರಲಿಲ್ಲ.

"ಏಳು" ಎಂದರು.

"ಮುಟ್ಟಿ ಎಬ್ಬಸ್ರಿ" ಎಂದಳು ತಾರಾ.