ಬಿದ್ದ ಮರ ನಿಂತ ಮರವನ್ನು ಕೊಲ್ಲುವ ಮುನ್ನ

ಡಿಸೆಂಬರ್ ಬಂದರೂ ಆ ವರ್ಷ ಉತ್ತರದ ಚಳಿನಾಡಿನ ಸಾಯ್ಮಾ ಸರೋವರದ ದಡದಲ್ಲಿ ನೆಲ ಹೆಪ್ಪುಗಟ್ಟಲಿಲ್ಲ. ಹಿಮ ಬೀಳಬೇಕಾದ ಕಡೆ ಮಳೆ ಸುರಿಯಿತು. ಕೆಸರು ಮಣ್ಣಿನಲ್ಲಿ ಬೇರುಗಳ ಹಿಡಿತ ಸಡಿಲವಾಯಿತು. ಬಿರುಗಾಳಿ ಎದ್ದ ಒಂದೇ ಮಧ್ಯಾಹ್ನ ಅರ್ವೋನ ಕಾಡಿನಲ್ಲಿ ಸೂಜಿ ಎಲೆಯ ಇಪ್ಪತ್ತೆರಡು ಸ್ಪ್ರೂಸ್ ಮರಗಳು ಬುಡಸಮೇತ ಮಲಗಿದವು.

ಅರವತ್ತೆಂಟರ ಅರ್ವೋ ಆ ಮರಗಳಿಗೆ ಕೈ ಹಚ್ಚಲಿಲ್ಲ. ಜೂನ್ ಮೊದಲ ವಾರ, ಕಾಡಿನ ಮಾಲೀಕರಿಗೆ ನೆರವಾಗುವ ಅರಣ್ಯ ಸಂಘದ ಸಲಹೆಗಾರ್ತಿ ಮಿರ್ಯಾ ಅವನ ಮನೆಗೆ ಬಂದಳು. ಪಕ್ಕದ ಮನೆಯಲ್ಲೇ ಹುಟ್ಟಿ ಬೆಳೆದವಳು.

"ಬಿದ್ದ ಮರ ಇನ್ನೂ ಸಾಗಿಸಿಲ್ವಾ ಮಾವ?"

"ಅದಕ್ಕೇನು ಅವಸರ? ನಮ್ಮಪ್ಪನ ಕಾಲದಲ್ಲೂ ಮರ ಬೀಳ್ತಿದ್ವು. ಮುಂದಿನ ಚಳಿಗಾಲಕ್ಕೆ ಎಳೆಸಿದ್ರಾಯ್ತು."

"ಅಪ್ಪನ ಕಾಲದ ಬೇಸಿಗೆ ಬೇರೆ ಇತ್ತು. ಈಗ ಬಿಸಿಲೂ ಜಾಸ್ತಿ, ಒಣ ದಿನಗಳೂ ಜಾಸ್ತಿ. ತೊಗಟೆ ಹುಳಕ್ಕೆ ಬಿದ್ದ ಮರ ಅಂದ್ರೆ ಬಾಣಂತಿ ಕೋಣೆ. ಅಲ್ಲಿ ಮರಿ ಮಾಡಿ ನಿಂತ ಮರಕ್ಕೆ ನುಗ್ಗತ್ತೆ. ಮುಂಚೆ ಬೇಸಿಗೆಗೆ ಒಂದೇ ಸಲ ಮರಿ ಆಗ್ತಿತ್ತು. ಈಗ ಸೆಖೆ ಹೆಚ್ಚಾದ ವರ್ಷ ಎರಡು ಸಲ."

"ಬಾರ್ಲಿ ಕಾಳಿನಷ್ಟು ಹುಳ ಹತ್ತಾಳೆತ್ತರದ ಮರ ಕೊಲ್ಲುತ್ತಂತೆ. ನಿನಗೆ ಸಂಬಳ ಕೊಡೋದು ಈ ಕಥೆ ಹೇಳೋಕಾ?"

ಮಿರ್ಯಾ ನಕ್ಕಳು. "ಗಟ್ಟಿ ಮರ ಅಂಟು ಸುರಿಸಿ ಹುಳನ ಹೊರಗೆ ದಬ್ಬುತ್ತೆ ಮಾವ. ಬಾಯಾರಿದ ಮರಕ್ಕೆ ಅಂಟೆಲ್ಲಿಂದ ಬರಬೇಕು?"

ಅರ್ವೋನ ಹೆಂಡತಿ ಹೆಲ್ವಿ ಆಗಲೇ ರಬ್ಬರ್ ಬೂಟು ಹಾಕಿಕೊಂಡಿದ್ದಳು. "ಏ ಮುದುಕಾ, ಕಾಡೇನು ದೂರ ಇದೆಯಾ? ನಡಿ, ನೋಡೇ ಬಿಡೋಣ."

ಮಿರ್ಯಾ ಬಿದ್ದ ಮರದ ತೊಗಟೆಯನ್ನು ಚಾಕುವಿನಿಂದ ಎಬ್ಬಿಸಿದಳು. ಒಳಗೆಲ್ಲ ಕೊರೆದ ಸಣ್ಣ ಸಣ್ಣ ಓಣಿಗಳು. ಒಂದೊಂದರ ತುದಿಯಲ್ಲೂ ಬೆಳ್ಳನೆಯ ಮರಿಹುಳು. ಅರ್ವೋ ಪಕ್ಕದ ನಿಂತ ಮರದತ್ತ ಹೋದ. ಅದರ ಬುಡದಲ್ಲಿ ಕಂದು ಪುಡಿ ಉದುರಿತ್ತು.

"ಹೆಲ್ವಿ, ಇಲ್ಲೇನಾದ್ರೂ ಕಾಫಿ ಪುಡಿ ಚೆಲ್ಲಿದ್ಯಾ?" ಎಂದ. ಯಾರೂ ನಗಲಿಲ್ಲ. ಅದು ಹುಳು ಕೊರೆದ ಹೊಟ್ಟು.

ಅಂಥ ಮರಗಳು ಏಳು ಸಿಕ್ಕವು. ಅರ್ವೋ ಹತ್ತು ವರ್ಷದವನಿದ್ದಾಗ ಅಮ್ಮನ ಜೊತೆ ತಾನೇ ನೆಟ್ಟವು. ಅವನು ಒಂದರ ಕಾಂಡದ ಮೇಲೆ ಅಂಗೈ ಇಟ್ಟು ಮೇಲೆ ನೋಡಿದ. "ತುದಿ ಹಸಿರಾಗೇ ಇದೆಯಲ್ಲೇ."

"ಅದು ಕೆಂಪಾಗೋವರೆಗೆ ಕಾದ್ರೆ ಹುಳ ಆಗಲೇ ಪಕ್ಕದ ಕಾಡಿಗೆ ಹಾರಿರತ್ತೆ," ಎಂದಳು ಮಿರ್ಯಾ. "ಪಕ್ಕದ್ದು ನಮ್ಮಪ್ಪಂದೇ ಅಲ್ವಾ, ಮಾವ."

ಅರ್ವೋ ಕೈ ಹಿಂದೆ ತೆಗೆದ. "ಮೊದಲೇ ನೆನಪಿಸಬಾರದಿತ್ತಾ ಅದನ್ನ," ಎಂದು ಗೊಣಗಿ, ಲಾರಿಯವನಿಗೆ ಅಲ್ಲಿಂದಲೇ ಫೋನ್ ಮಾಡಿದ.

ಜೂನ್ ಕೊನೆಗೆ ಬರುವ ನಡುಬೇಸಿಗೆಯ ಹಬ್ಬಕ್ಕೆ ಮುಂಚೆ ಇಪ್ಪತ್ತೊಂಬತ್ತು ಮರಗಳೂ ತೊಗಟೆ ಸಮೇತ ಕಾಡಿನಿಂದ ಹೊರಟವು. ಮರುವರ್ಷ ಖಾಲಿ ಜಾಗದಲ್ಲಿ ಸ್ಪ್ರೂಸ್ ಒಂದನ್ನೇ ನೆಡದೆ ನಡುನಡುವೆ ಬರ್ಚ್, ಪೈನ್ ಸಸಿಗಳನ್ನೂ ಹಾಕಿದರು. ಒಂದು ಜಾತಿಗೆ ಕೇಡು ಬಂದರೆ ಇನ್ನೊಂದಾದರೂ ನಿಲ್ಲಬೇಕಲ್ಲ.

"ಬರ್ಚ್‌ನ ಮೂಸ್ ಜಿಂಕೆ ಬಂದು ಮೇಯ್ದುಹೋಗತ್ತೆ," ಎಂದು ಅರ್ವೋ ತಕರಾರು ತೆಗೆದ.

"ಬೇಲಿ ಕಟ್ಟು. ಟಿವಿ ಮುಂದೆ ಕೂತು ಇನ್ನೇನು ಮಾಡ್ತೀಯಾ?" ಎಂದಳು ಹೆಲ್ವಿ.

ಮೂರನೆಯ ಬೇಸಿಗೆ ಮತ್ತೆ ಒಣಗಿತು. ಹುಳು ತಗುಲಿದ ಎರಡು ಮರಗಳನ್ನು ಅರ್ವೋನೇ ಹುಡುಕಿ ತೆಗೆಸಿದ. ಉಳಿದ ಕಾಡು ಹಸಿರಾಗಿತ್ತು. ಗಂಡ ಹೆಂಡತಿ ಅದರ ನೆರಳಲ್ಲಿ ಬಕೆಟ್ ತುಂಬ ನೀಲಿ ಕಾಡುಹಣ್ಣು ಆಯ್ದರು.

ನಿಮ್ಮದೂ ಒಂದು ತುಂಡು ಕಾಡಿದ್ದರೆ, ಈ ವಾರವೇ ಅದರೊಳಗೆ ಒಂದು ಸುತ್ತು ಹಾಕಿ. ಗಾಳಿಗೆ ಬಿದ್ದ ಸ್ಪ್ರೂಸ್ ಮರಗಳನ್ನು ಬೇಸಿಗೆ ಬಲಿಯುವ ಮುಂಚೆ ಸಾಗಿಸಿ. ಬುಡದಲ್ಲಿ ಕಂದು ಪುಡಿ ಕಂಡರೆ ಅರಣ್ಯ ಸಂಘಕ್ಕೆ ತಿಳಿಸಿ. ನೆಡುವಾಗ ಬೆರಕೆ ನೆಡಿ. ನೋಡಿದ್ದನ್ನು ಪಕ್ಕದ ಕಾಡಿನವರಿಗೂ ಹೇಳಿ. ಹುಳಕ್ಕೆ ಗಡಿಕಲ್ಲು ಓದಲು ಬರುವುದಿಲ್ಲ.