ಎಷ್ಟು ಮಂದಿ, ಎಲ್ಲೀತನಕ?

ಹೊರಟು ನಿಂತವರನ್ನು ಎಲ್ಲಿಗೆಂದು ಕೇಳಬಾರದೆಂಬುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯಲ್ಲಿ ಗಾಡಿಗಳಿಗೆ ಹವಾ ತುಂಬುವ ಧೂಳಪ್ಪನಿಗೆ ಮಾತ್ರ ಅದನ್ನು ಕೇಳದೆ ಪೈಪು ಕೈಗೆತ್ತಿಕೊಳ್ಳುವುದು ಸಾಧ್ಯವಿಲ್ಲ. ಎಷ್ಟು ಮಂದಿ, ಎಲ್ಲೀತನಕ, ಡಿಕ್ಕಿಯಲ್ಲಿ ಏನಿದೆ, ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆಯೇ ಕೆಲಸ. ಚಕ್ರದಡಿ ನಿಂಬೆಹಣ್ಣಿಟ್ಟು, ಶಕುನ ನೋಡಿ ಹೊರಟ ಜನ ಸಿಡಿಮಿಡಿಗೊಂಡು ಎದುರಿನ ಅಂಗಡಿಗೆ ಹೋಗುತ್ತಾರೆ. ಇವನು ಅವರ ಗಾಡಿಯನ್ನೇ ನೋಡುತ್ತ ಚಡಪಡಿಸುತ್ತ ನಿಲ್ಲುತ್ತಾನೆ.

ನಿಲ್ಲುತ್ತಾನೆ ಎಂದದ್ದು ತಪ್ಪು. ಅವನು ನಿಂತದ್ದನ್ನು ನಾನು ಕಂಡಿಲ್ಲ. ಕತ್ತು ಬಗ್ಗಿಸಿ, ಚಕ್ರದಿಂದ ಚಕ್ರಕ್ಕೆ ಒಂದು ಬಗೆಯ ಓಡುನಡಿಗೆಯಲ್ಲಿ ಸುತ್ತುತ್ತಲೇ ಇರುತ್ತಾನೆ. ಹವಾ ಅಳೆಯುವ ಮೀಟರಿನ ಭಾರಕ್ಕೆ ಖಾಕಿ ಅಂಗಿಯ ಕಿಸೆ ಜೋತುಬಿದ್ದಿದೆ. ಮಾತಿಗೊಮ್ಮೆ ‘ಖರೇ ಹೇಳ್ರಿ’ ಎನ್ನುತ್ತಾನೆ, ಎದುರಿಗಿದ್ದವನಿಗೆ ತಾನೇ ಸುಳ್ಳುಗಾರನೇನೋ ಎಂಬ ಅನುಮಾನ ಹುಟ್ಟುವಂತೆ.

ಕಳೆದ ಮೇ ತಿಂಗಳಲ್ಲಿ ನನ್ನ ಸೋದರತ್ತೆ ಇಂದುಬಾಯಿ, ಮಗಳಿಗೆ ಗೊತ್ತುಮಾಡಬೇಕೆಂದಿದ್ದ ವರನ ಮನೆ ನೋಡಲು ಕರಜಗಿಗೆ ಹೊರಟಳು. ಐವರು ಕೂರುವ ಕಾರಿನಲ್ಲಿ ನಾವು ಆರು ಜನ. ಡಿಕ್ಕಿಯ ತುಂಬ ಬುತ್ತಿ, ಹಣ್ಣಿನ ಬುಟ್ಟಿಗಳು. ಗಾಡಿ ನಡೆಸುತ್ತಿದ್ದ ಅವಳ ಮಗ ಯುವರಾಜ ಧೂಳಪ್ಪನ ಮುಂದೆ ನಿಲ್ಲಿಸಿದ.

“ಬಿಸಲ ಭಾಳ ಅದ ಮಾಮಾ, ಟೈರ್ ಒಡಿತಾವ. ಸ್ವಲ್ಪ ಹವಾ ತಗೀರಿ.”

“ತಗಿಯೂದಲ್ಲ, ತುಂಬೂದದ. ಎಷ್ಟ್ ಮಂದಿ ಇದ್ದೀರಿ? ಎಲ್ಲೀತನಕ ಹೊಂಟೀರಿ? ಖರೇ ಹೇಳ್ರಿ.”

ಅತ್ತೆ ಕೆಂಡವಾದಳು. “ಚಲೋ ಕೆಲಸಕ್ಕ ಹೊಂಟೇವಿ, ನಡುವ ಇವನದೊಂದು ಅಪಶಕುನ! ನಡಿಯೋ ಯುವರಾಜ.”

ಎದುರಿನ ಅಂಗಡಿಯವನು ಏನನ್ನೂ ಕೇಳದೆ ನಾಲ್ಕೂ ಚಕ್ರಗಳ ಹವಾ ಇಳಿಸಿಕೊಟ್ಟ.

ವಳಸಂಗದಲ್ಲಿ ಚಹಾಕ್ಕೆ ನಿಂತಿದ್ದೆವು. ಹಿಂದೆಯೇ ಧೂಳಪ್ಪನ ಮೋಟರ್‌ಸೈಕಲ್ಲು ಬಂತು, ಕಾಲಲ್ಲಿ ಒತ್ತುವ ಪಂಪನ್ನು ಸೀಟಿಗೆ ಬಿಗಿದುಕೊಂಡು. ಅಂಗಡಿಯನ್ನು ತೆರೆದಿಟ್ಟೇ ಬಂದಿದ್ದ. ಹಿಂದಿನ ಟೈರು ಮುಟ್ಟಿದವನು ಸರಕ್ಕನೆ ಕೈ ಎಳೆದುಕೊಂಡ.

“ಹವಾ ಕಡಿಮಿ ಆದ್ರ ಟೈರಿನ ಮಗ್ಗಲು ಮಡಚಿ ಮಡಚಿ ಕಾಯ್ತದ್ರಿ. ಒಡಿಯೂದು ಹಿಂಗ.” ಚಾಲಕನ ಬಾಗಿಲು ತೆರೆದು, ಒಳಗೆ ಅಂಟಿಸಿದ್ದ ಚೀಟಿಯ ಮೇಲೆ ಬೆರಳಿಟ್ಟ. “ಇಬ್ಬರಿದ್ದರ ಒಂದು ಲೆಕ್ಕ, ತುಂಬಿದ ಗಾಡಿಗಿ ಇನ್ನೊಂದು. ಗಾಡಿ ಮಾಡಿದವ್ರೂ ಎಷ್ಟ್ ಮಂದಿ ಅಂತ ಕೇಳ್ಯಾರ ನೋಡ್ರಿ, ಅಕ್ಕಾರ.”

ತುಂಬಿದ ಗಾಡಿಯ ಹಿಂದಿನ ಚಕ್ರಕ್ಕೆ ಮೂವತ್ತಾರು ಎಂದಿತ್ತು. ಅವನ ಮೀಟರು ಇಪ್ಪತ್ನಾಲ್ಕು ತೋರಿಸಿತು.

ಗಾಡಿಯನ್ನು ಬೇವಿನ ನೆರಳಿಗೆ ತಳ್ಳಿಸಿದ. ಚಕ್ರ ತಣಿಯುವವರೆಗೆ ಮುಕ್ಕಾಲು ತಾಸು, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಮತ್ತೆ ಮತ್ತೆ ಮುಟ್ಟಿ ನೋಡುತ್ತ ಸುತ್ತಿದ. ಕರಜಗಿಯಿಂದ ಬೀಗರಾಗುವವರ ಫೋನು ಎರಡು ಸಲ ಬಂತು. ಆಮೇಲೆ ಬೆವರು ಸುರಿಸುತ್ತ ನಾಲ್ಕಕ್ಕೂ ಪಂಪು ಒತ್ತಿ, “ಇನ್ನ ಒಬ್ರು ಇಳೀರಿ, ಇದು ಐದ್ ಮಂದಿ ಗಾಡಿ” ಎಂದ. ನಾನು ಇಳಿದೆ.

ಗಾಡಿ ಹೋಯಿತು. ನನ್ನೊಂದಿಗೆ ಎಸ್‌ಟಿ ಬಸ್ಸಿಗೆ ಕಾಯುತ್ತ ಅವನು ರಸ್ತೆಯ ಕಡೆಯೇ ನೋಡುತ್ತಿದ್ದ. “ನಮ್ಮಪ್ಪ ನಮ್ಮೂರು ತಡವಳದಾಗ ಕುರಿ ಕಾಯ್ತಿದ್ದ ನೋಡ್ರಿ. ಕುರಿ ಸಂಜೀಕ ದೊಡ್ಡಿಗಿ ಬರ್ತಾವ, ಎಣಿಸಿದ್ರ ಆತು. ಗಾಡಿ ಹಂಗಲ್ರೀ. ಹೋಗಿದ್ದು ಕಾಣ್ತದ, ಊರು ಮುಟ್ಟಿದ್ದು ತಿಳಿಯೂದಿಲ್ಲ.” ನನ್ನ ಮೊಬೈಲಿನಲ್ಲಿ ತನ್ನ ನಂಬರು ಬರೆಸಿದ. “ಮುಟ್ಟಿದ ಮ್ಯಾಲ ಒಂದ್ ಫೋನ್ ಹಚ್ರಿ.”

ಯುವರಾಜನ ‘ಮುಟ್ಟಿದೆವು’ ಎಂಬ ಸಂದೇಶ ಬಸ್ಸಿನಲ್ಲೇ ಬಂತು. ಮನೆ ಒಪ್ಪಿಗೆಯಾಯಿತು, ಸಂಬಂಧ ಕೂಡಿತು, ನಾನು ಹೊಟ್ಟೆ ಬಿರಿಯ ಹೋಳಿಗೆ ಉಂಡೆ. ಫೋನ್ ಮಾಡಲಿಲ್ಲ. ಮರೆತೆ ಎನ್ನಲೂ ನಾಚಿಕೆಯಾಗುತ್ತದೆ; ಅದು ನೆನಪಿಡಬೇಕಾದ ವಿಷಯವೆಂದೇ ನನಗನ್ನಿಸಿರಲಿಲ್ಲ.

ಹನ್ನೊಂದು ದಿನಗಳ ಮೇಲೆ ಆ ದಾರಿಯಲ್ಲಿ ಹೋಗುತ್ತಿದ್ದಾಗ, ಯಾರದೋ ಗಾಡಿಗೆ ಹಚ್ಚಿದ್ದ ಪೈಪನ್ನು ಬಿಟ್ಟು ಧೂಳಪ್ಪ ಓಡಿ ಬಂದ.

“ಅವತ್ತ ಮುಟ್ಟಿದ್ರೇನ್ರೀ?”

ಸುಖವಾಗಿ ಊರು ಸೇರಿದವರಿಗೆ ಪಯಣ ಅಲ್ಲಿಗೆ ಮುಗಿಯುತ್ತದೆ. ಪರರ ದಾರಿಯನ್ನು ತಮ್ಮ ಮೈಮೇಲೆ ಎಳೆದುಕೊಳ್ಳುವ ಇಂಥವರ ಪಾಲಿಗೆ ಮಾತ್ರ, ಮುಟ್ಟಿದೆವೆಂದು ನಾವು ಬಾಯಿಬಿಟ್ಟು ಹೇಳುವ ತನಕ, ನಾವಿನ್ನೂ ದಾರಿಯಲ್ಲೇ ಇರುತ್ತೇವೆ.